ಬೆಂಗಳೂರು ಬಿಟ್ಟು ತುಮಕೂರಿಗೆ: ಸಂಸಾರ ಸಾಗಿಸುವವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಬಾಡಿಗೆ, ಮುಂಗಡ ಮತ್ತು ದಟ್ಟಣೆಯಿಂದ ಬೇಸತ್ತ ಕುಟುಂಬಗಳು ಸುತ್ತಲಿನ ಊರುಗಳ ಕಡೆ ನೋಡುವಾಗ ಮೊದಲು ನೆನಪಾಗುವ ಹೆಸರುಗಳಲ್ಲಿ ತುಮಕೂರು ಒಂದು. ಸುಮಾರು 70 ಕಿಲೋಮೀಟರ್ ದೂರ, ಜೋಡಿ ರೈಲು ಮಾರ್ಗ, ರಾಷ್ಟ್ರೀಯ ಹೆದ್ದಾರಿ 48, 2011ರ ಜನಗಣತಿಯಲ್ಲೇ ಮೂರು ಲಕ್ಷ ದಾಟಿದ್ದ ಜನಸಂಖ್ಯೆ, ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳು ಎಲ್ಲವೂ ಇಲ್ಲಿವೆ. ಇದು ಹಳ್ಳಿಯೂ ಅಲ್ಲ, ಮಹಾನಗರವೂ ಅಲ್ಲ. ಬೆಂಗಳೂರಿನ ಬಡಾವಣೆಯೊಂದು ದೂರ ಸರಿದು ಬಂದಂತಿದೆ ಎಂದು ಭಾವಿಸಿ ಬಂದವರು ನಿರಾಶರಾಗುತ್ತಾರೆ. ತನ್ನದೇ ಲಯವಿರುವ ಜಿಲ್ಲಾ ಕೇಂದ್ರವೆಂದು ಒಪ್ಪಿಕೊಂಡು ಬಂದವರು ಬೇಗ ಒಗ್ಗಿಕೊಳ್ಳುತ್ತಾರೆ.

ಈ ಬರಹ ಮುಖ್ಯವಾಗಿ ಕುಟುಂಬದ ಒಬ್ಬರಾದರೂ ಬೆಂಗಳೂರಿನ ಕೆಲಸವನ್ನು ಉಳಿಸಿಕೊಂಡೇ ತುಮಕೂರಿಗೆ ಬರಲಿರುವವರನ್ನು ಗಮನದಲ್ಲಿಟ್ಟುಕೊಂಡಿದೆ. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲೋ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಗುಬ್ಬಿ ತಾಲ್ಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯಲ್ಲೋ ಕೆಲಸ ಸಿಕ್ಕಿ ಬರುವವರಿಗೆ ಮೊದಲ ಭಾಗದ ಅಗತ್ಯ ಅಷ್ಟಾಗಿ ಇಲ್ಲ. ಅವರು ನೇರವಾಗಿ ಬಡಾವಣೆಯ ಆಯ್ಕೆಗೆ ಬರಬಹುದು.

ಮೊದಲು ಪ್ರಯಾಣದ ಲೆಕ್ಕ, ಆಮೇಲೆ ಮನೆ

ಹೆಚ್ಚಿನವರು ಬಾಡಿಗೆ ಎಷ್ಟು ಉಳಿಯುತ್ತದೆ ಎಂಬುದರಿಂದ ಲೆಕ್ಕ ಶುರುಮಾಡುತ್ತಾರೆ. ಶುರುಮಾಡಬೇಕಾದದ್ದು ದಿನಕ್ಕೆ ಎಷ್ಟು ಗಂಟೆ ದಾರಿಯಲ್ಲಿ ಕಳೆಯಬೇಕಾಗುತ್ತದೆ ಎಂಬುದರಿಂದ. ಬಾಡಿಗೆಯ ಉಳಿತಾಯ ಮೊದಲ ತಿಂಗಳು ಸಂತೋಷ ಕೊಡುತ್ತದೆ, ಪ್ರಯಾಣದ ದಣಿವು ಆರನೆಯ ತಿಂಗಳಿನಿಂದ ಕಾಡುತ್ತದೆ.

ಕಚೇರಿ ಬೆಂಗಳೂರಿನ ಯಾವ ದಿಕ್ಕಿನಲ್ಲಿದೆ ಎಂಬುದೇ ಇಲ್ಲಿ ನಿರ್ಣಾಯಕ. ದಾಬಸ್‌ಪೇಟೆ, ನೆಲಮಂಗಲ, ಪೀಣ್ಯ, ಯಶವಂತಪುರ, ರಾಜಾಜಿನಗರ, ಮಲ್ಲೇಶ್ವರದವರೆಗೆ ಕೆಲಸವಿದ್ದರೆ ತುಮಕೂರಿನಿಂದ ದಿನವೂ ಓಡಾಡುವುದು ಸಾಧ್ಯ, ಸಾವಿರಾರು ಜನ ಮಾಡುತ್ತಲೇ ಇದ್ದಾರೆ. ಮೆಜೆಸ್ಟಿಕ್ ಸುತ್ತಮುತ್ತಲೂ ಪರವಾಗಿಲ್ಲ. ಅದೇ ವೈಟ್‌ಫೀಲ್ಡ್ ಅಥವಾ ಎಲೆಕ್ಟ್ರಾನಿಕ್ ಸಿಟಿಯಾದರೆ, ಯಶವಂತಪುರದಲ್ಲಿ ರೈಲಿನಿಂದಿಳಿದು ಪಕ್ಕದಲ್ಲೇ ಇರುವ ಹಸಿರು ಮಾರ್ಗದ ಮೆಟ್ರೊ ಹಿಡಿದು, ವೈಟ್‌ಫೀಲ್ಡ್‌ನವರು ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೂ ಎಲೆಕ್ಟ್ರಾನಿಕ್ ಸಿಟಿಯವರು ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೂ ಬದಲಾಗಿ ಹೋಗುವ ದಾರಿ ಈಗ ಇದೆಯಾದರೂ, ಮನೆ ಬಾಗಿಲಿನಿಂದ ಕಚೇರಿ ಬಾಗಿಲಿಗೆ ಒಂದು ದಿಕ್ಕಿಗೇ ಮೂರು ಗಂಟೆಯ ಲೆಕ್ಕ ಹಾಕಿಕೊಳ್ಳಬೇಕು. ವಾರಕ್ಕೆ ಒಂದೆರಡು ದಿನ ಮಾತ್ರ ಕಚೇರಿಗೆ ಹೋಗುವವರು ಇದನ್ನು ಸಹಿಸಬಹುದು. ವಾರದ ಐದೂ ದಿನ ಹೋಗಬೇಕಾದವರು ಈ ಯೋಜನೆಯನ್ನೇ ಕೈಬಿಡುವುದು ಮೇಲು. ಮನೆಯಿಂದ ಕೆಲಸ ಮಾಡುವ ಸವಲತ್ತನ್ನು ನಂಬಿ ಬರುವವರು, ಕಂಪನಿ ಆ ಸವಲತ್ತನ್ನು ನಾಳೆ ಹಿಂತೆಗೆದುಕೊಂಡರೆ ಏನು ಮಾಡುವುದು ಎಂಬ ಪ್ರಶ್ನೆಗೂ ಮನೆಯವರೆಲ್ಲ ಕುಳಿತು ಉತ್ತರ ಕಂಡುಕೊಂಡಿರಬೇಕು.

ರೈಲು ಈ ಪ್ರಯಾಣದ ಬೆನ್ನೆಲುಬು. ಕ್ಯಾತ್ಸಂದ್ರ, ಹಿರೇಹಳ್ಳಿ, ದಾಬಸ್‌ಪೇಟೆಗಳಲ್ಲಿ ನಿಲ್ಲುತ್ತ ಸಾಗುವ ಪ್ಯಾಸೆಂಜರ್ ಗಾಡಿಗಳೂ, ಹುಬ್ಬಳ್ಳಿ, ಶಿವಮೊಗ್ಗ, ಅರಸೀಕೆರೆ ಕಡೆಯಿಂದ ಬರುವ ಎಕ್ಸ್‌ಪ್ರೆಸ್ ಗಾಡಿಗಳೂ ಇವೆ. ಯಶವಂತಪುರಕ್ಕೆ ಗಾಡಿಯನ್ನು ಅವಲಂಬಿಸಿ ಒಂದು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ತಿಂಗಳ ಪಾಸು ಮತ್ತು ಮೂರು ತಿಂಗಳ ಪಾಸು ಎರಡೂ ಸಿಗುತ್ತವೆ. ಮೂರು ತಿಂಗಳದಕ್ಕೆ ತಿಂಗಳ ಪಾಸಿನ 2.7 ಪಟ್ಟು ದರವಾದ್ದರಿಂದ ಸ್ವಲ್ಪ ಉಳಿಯುತ್ತದೆ. ಆದರೆ ಪಾಸು ಇದ್ದವರು ಕಾಯ್ದಿರಿಸಿದ ಬೋಗಿಯಲ್ಲಿ ಕೂರುವಂತಿಲ್ಲ, ಎಲ್ಲ ಆಸನವೂ ಕಾಯ್ದಿರಿಸಿದ ಜನಶತಾಬ್ದಿಯಂಥ ಗಾಡಿಗಳಿಗೆ ಅದು ನಡೆಯುವುದಿಲ್ಲ, ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ಕಟ್ಟಬೇಕು. ಸಂಜೆ ಗಾಡಿ ತಡವಾಗುವುದು ಅಪರೂಪವಲ್ಲವಾದ್ದರಿಂದ, ಮರಳುವ ಪ್ರಯಾಣಕ್ಕೆ ಒಂದೇ ಗಾಡಿಯನ್ನು ನೆಚ್ಚಿಕೊಳ್ಳದೆ ಅದರ ನಂತರದ ಗಾಡಿ ಯಾವುದು, ಅದೂ ತಪ್ಪಿದರೆ ಬಸ್ಸು ಎಲ್ಲಿ ಸಿಗುತ್ತದೆ ಎಂಬುದನ್ನು ತಿಳಿದಿರಬೇಕು.

ಬಸ್ಸುಗಳು ಮೆಜೆಸ್ಟಿಕ್‌ನಿಂದ ಹೊರಟು ಗೊರಗುಂಟೆಪಾಳ್ಯ, ಎಂಟನೇ ಮೈಲಿಗಳಲ್ಲಿ ಜನ ಹತ್ತಿಸಿಕೊಂಡು ಬರುತ್ತವೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಟಿಕೆಟ್ ದರವಿಲ್ಲ. ದುಡಿಯುವ ಹೆಣ್ಣುಮಕ್ಕಳಿರುವ ಮನೆಗೆ ಇದು ಬಾಡಿಗೆಯಷ್ಟೇ ದೊಡ್ಡ ಉಳಿತಾಯವಾಗಬಲ್ಲದು. ಸ್ವಂತ ಕಾರಿನವರು ಡೀಸೆಲ್, ಪೆಟ್ರೋಲ್ ಜೊತೆಗೆ ಟೋಲ್ ಶುಲ್ಕವನ್ನೂ, ನೆಲಮಂಗಲ ದಾಟಿದ ಮೇಲೆ ಪೀಣ್ಯದವರೆಗಿನ ನಿಧಾನಗತಿಯನ್ನೂ ಸೇರಿಸಿ ಲೆಕ್ಕ ಹಾಕಬೇಕು. ಹಸಿರು ಮಾರ್ಗದ ಮೆಟ್ರೊ 2024ರ ನವೆಂಬರ್‌ನಲ್ಲಿ ಮಾದಾವರದವರೆಗೆ ಬಂದಿರುವುದರಿಂದ, ಅಲ್ಲಿಯವರೆಗೆ ಬಸ್ಸಿನಲ್ಲೋ ಕಾರಿನಲ್ಲೋ ಬಂದು ಮುಂದೆ ಮೆಟ್ರೊ ಹಿಡಿಯುವುದು ಈಗ ಒಳ್ಳೆಯ ಮಧ್ಯಮ ಮಾರ್ಗ. ಮೆಟ್ರೊ ತುಮಕೂರಿಗೇ ಬರುತ್ತದೆ ಎಂಬ ಪ್ರಸ್ತಾವದ ಸುದ್ದಿಯನ್ನು ನಂಬಿ ಮಾತ್ರ ಮನೆಯನ್ನೂ ಹುಡುಕಬೇಡಿ, ನಿವೇಶನವನ್ನೂ ಕೊಳ್ಳಬೇಡಿ. ಅದು ಬಂದ ದಿನ ನೋಡಿಕೊಂಡರಾಯಿತು.

ನಿರ್ಧಾರಕ್ಕೆ ಮುನ್ನ ಒಂದು ಪರೀಕ್ಷೆ ಮಾಡಿ. ತುಮಕೂರಿನ ವಸತಿಗೃಹದಲ್ಲೋ ನೆಂಟರ ಮನೆಯಲ್ಲೋ ಉಳಿದು, ಸೋಮವಾರದಿಂದ ಶುಕ್ರವಾರದವರೆಗೆ ನಿಮ್ಮ ನಿಜವಾದ ಕಚೇರಿ ಸಮಯಕ್ಕೆ ಹೋಗಿ ಬನ್ನಿ. ಭಾನುವಾರ ಕಾರಿನಲ್ಲಿ ಬಂದು ನೋಡಿದವರಿಗೆ ಈ ಊರು ಯಾವಾಗಲೂ ಒಂದು ಗಂಟೆಯ ದಾರಿ.

ಬಡಾವಣೆಯ ಆಯ್ಕೆ

ಪ್ರಯಾಣದ ಸಾಧನ ನಿಗದಿಯಾದ ಮೇಲೆ ಬಡಾವಣೆ ತಾನಾಗಿಯೇ ಅರ್ಧ ನಿಗದಿಯಾಗುತ್ತದೆ. ರೈಲಿನವರು ನಿಲ್ದಾಣಕ್ಕೆ ನಡೆದು ಹೋಗಬಹುದಾದಷ್ಟು ಅಥವಾ ಹತ್ತು ನಿಮಿಷದಲ್ಲಿ ದ್ವಿಚಕ್ರ ವಾಹನದಲ್ಲಿ ತಲುಪಬಹುದಾದಷ್ಟು ದೂರದಲ್ಲಿ ನೋಡಬೇಕು. ಬೆಳಗಿನ ಗಾಡಿಗೆ ಆಟೊ ಸಿಗುತ್ತದೆಂಬ ಭರವಸೆ ಸಾಲದು. ಸೋಮೇಶ್ವರಪುರಂ, ಅಶೋಕನಗರ, ಎಸ್‌ಐಟಿ ಬಡಾವಣೆಯ ಕಡೆ ಕಾಲೇಜು, ಆಸ್ಪತ್ರೆ, ಅಂಗಡಿಗಳು ಹತ್ತಿರ, ಹಾಗಾಗಿ ಬಾಡಿಗೆಯೂ ಊರಿನ ಮಟ್ಟಿಗೆ ಹೆಚ್ಚು. ವಿದ್ಯಾರ್ಥಿಗಳಿಗೆ ಕೊಟ್ಟು ರೂಢಿಯಾದ ಮಾಲೀಕರು ಒಂದೇ ಮನೆಯನ್ನು ಮೂರು ಪಾಲು ಮಾಡಿರುತ್ತಾರೆ, ಗಾಳಿ ಬೆಳಕು ನೋಡಿಕೊಳ್ಳಿ. ಬಟವಾಡಿ ಮತ್ತು ಕ್ಯಾತ್ಸಂದ್ರ ಬೆಂಗಳೂರು ಕಡೆಯ ಬದಿಯಲ್ಲಿರುವುದರಿಂದ ಬಸ್ಸಿನವರಿಗೆ ಅನುಕೂಲ. ಊರನ್ನು ಅಡ್ಡ ದಾಟುವ ತಾಪತ್ರಯವಿಲ್ಲ. ಕ್ಯಾತ್ಸಂದ್ರದಲ್ಲಿ ರೈಲು ನಿಲ್ದಾಣವೂ ಇದೆ, ತಟ್ಟೆ ಇಡ್ಲಿಯೂ ಇದೆ, ಆದರೆ ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಅಂತರಸನಹಳ್ಳಿ, ಶಿರಾ ಗೇಟ್ ಕಡೆಯವರು ವಸಂತನರಸಾಪುರಕ್ಕೆ ಹೋಗುವವರಾದರೆ ಸರಿ, ಬೆಂಗಳೂರಿಗೆ ಹೋಗುವವರಾದರೆ ದಿನವೂ ಊರು ದಾಟಬೇಕು. ಗುಬ್ಬಿ ಗೇಟ್ ಆಚೆಗಿನ ಹೆಗ್ಗೆರೆಯ ಮಾತೂ ಹೀಗೆಯೇ.

ಮನೆ ನೋಡಲು ಹೋದಾಗ ರಸ್ತೆಯ ಆ ಕಡೆ ಈ ಕಡೆ ಗಮನಿಸಿ. 2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಊರಿನ ನಡುವಿನ ಹಲವು ರಸ್ತೆಗಳು ಹೊಸದಾದವು, ಅಮಾನಿಕೆರೆಯ ದಂಡೆ ನಡಿಗೆಗೆ ಹಿತವಾಯಿತು. ಆದರೆ ಅಂಚಿನ ಬಡಾವಣೆಗಳಲ್ಲಿ ಒಳಚರಂಡಿ ಇದೆಯೇ ಅಥವಾ ಮನೆಯ ಮುಂದೆಯೇ ಗುಂಡಿ ತೋಡಿದ್ದಾರೆಯೇ, ಮಳೆ ಬಂದರೆ ನೀರು ಎತ್ತ ಹರಿಯುತ್ತದೆ, ಬೀದಿದೀಪ ಉರಿಯುತ್ತವೆಯೇ, ಕಸದ ಆಟೊ ಬರುತ್ತದೆಯೇ ಎಂಬುದನ್ನು ಮಾಲೀಕರನ್ನಲ್ಲ, ಎದುರು ಮನೆಯವರನ್ನು ಕೇಳಬೇಕು. ಒಮ್ಮೆ ಹಗಲಲ್ಲಿ, ಒಮ್ಮೆ ರಾತ್ರಿ ಎಂಟರ ಮೇಲೆ ಹೋಗಿ ನೋಡಿ.

ನೀರಿನ ವಿಚಾರ

ಇದಕ್ಕೆ ಪ್ರತ್ಯೇಕ ಜಾಗ ಕೊಡಲೇಬೇಕು. ಬೆಂಗಳೂರಿನಲ್ಲಿ ಕಾವೇರಿ ನೀರಿನ ಸಂಪರ್ಕವಿದ್ದ ಮನೆಯಿಂದ ಬರುವವರಿಗೆ ತುಮಕೂರಿನ ನೀರಿನ ಶಿಸ್ತು ಮೊದಲಿಗೆ ಕಷ್ಟ. ನಗರದ ಮುಖ್ಯ ಮೂಲ ಹೇಮಾವತಿ. ಗೊರೂರು ಜಲಾಶಯದಿಂದ ನಾಲೆಯ ಮೂಲಕ ಬಂದ ನೀರನ್ನು ಬುಗುಡನಹಳ್ಳಿ ಕೆರೆಯಲ್ಲಿ ತುಂಬಿಸಿಕೊಂಡು, ಶುದ್ಧೀಕರಿಸಿ ಊರಿಗೆ ಹಂಚುತ್ತಾರೆ. ನಾಲೆಯಲ್ಲಿ ವರ್ಷವಿಡೀ ನೀರು ಹರಿಯುವುದಿಲ್ಲ. ಮಳೆಗಾಲದಲ್ಲಿ ಜಲಾಶಯ ತುಂಬಿದಾಗ ಬಿಟ್ಟದ್ದನ್ನೇ ಬೇಸಿಗೆಯವರೆಗೆ ಕಾಪಾಡಿಕೊಳ್ಳಬೇಕು. ಆದ್ದರಿಂದ ಹೇಮಾವತಿ ಕಣಿವೆಯಲ್ಲಿ ಮಳೆ ಕೈಕೊಟ್ಟ ವರ್ಷ, ನಲ್ಲಿಗೆ ನೀರು ಬಿಡುವ ದಿನಗಳ ನಡುವಿನ ಅಂತರ ಹಿಗ್ಗುತ್ತದೆ.

ಮನೆ ನೋಡುವಾಗ ಕೇಳಬೇಕಾದದ್ದು “ನೀರಿದೆಯೇ” ಎಂದಲ್ಲ, ಅದಕ್ಕೆ ಎಲ್ಲರೂ ಇದೆ ಎಂದೇ ಹೇಳುತ್ತಾರೆ. ಕಳೆದ ಏಪ್ರಿಲ್‌ನಲ್ಲಿ ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬಂತು, ಸಂಪು ಎಷ್ಟು ಲೀಟರಿನದು, ಅದು ಎಷ್ಟು ಸಂಸಾರಗಳಿಗೆ ಸೇರಿದ್ದು, ಸ್ವಂತ ಬೋರ್ ಇದ್ದರೆ ಬೇಸಿಗೆಯಲ್ಲಿ ಎಷ್ಟು ಹೊತ್ತು ಓಡುತ್ತದೆ, ಟ್ಯಾಂಕರ್ ತರಿಸಬೇಕಾದರೆ ದುಡ್ಡು ಯಾರು ಕೊಡುವುದು ಎಂದು ಒಂದೊಂದಾಗಿ ಕೇಳಿ. ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ ತಲೆಗೆ 100 ಲೀಟರಿನಂತೆ ಹಿಡಿದರೂ ವಾರಕ್ಕೆ 2,800 ಲೀಟರ್ ಬೇಕು. ಸಂಪು ಇದಕ್ಕಿಂತ ಚಿಕ್ಕದಾಗಿದ್ದು ಬೋರ್ ಕೂಡ ಇಲ್ಲದಿದ್ದರೆ ಆ ಮನೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ತುಮಕೂರು ಜಿಲ್ಲೆಯ, ಅದರಲ್ಲೂ ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಬಹುಕಾಲದ ಸಮಸ್ಯೆ. ನಗರದೊಳಗಿನ ಎಲ್ಲ ಬೋರ್‌ಗಳೂ ಹಾಗೆ ಎಂದಲ್ಲ, ಆದರೂ ಕುಡಿಯುವ ಮೊದಲು ಪರೀಕ್ಷೆ ಮಾಡಿಸುವುದು ಕ್ಷೇಮ. ಭಾರತೀಯ ಮಾನಕದ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಮಾಮೂಲಿ ಕ್ಯಾಂಡಲ್ ಫಿಲ್ಟರ್‌ನಿಂದಲೂ ಹೋಗದು. ಆರ್‌ಒ ಯಂತ್ರ ಬೇಕು, ಇಲ್ಲವೇ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬರಬೇಕು.

ಬಾಡಿಗೆ, ಭೋಗ್ಯ, ಕರಾರು

ಆನ್‌ಲೈನ್ ಜಾಹೀರಾತುಗಳಲ್ಲಿ ಸಿಗುವ ಮನೆಗಳು ಇಲ್ಲಿ ಕಡಿಮೆ. ಗೇಟಿಗೆ ಕಟ್ಟಿದ “ಮನೆ ಬಾಡಿಗೆಗೆ ಇದೆ” ಎಂಬ ಫಲಕ, ಬೇಕರಿಯವರ ಮಾತು, ಇಸ್ತ್ರಿಯವರ ಮಾತು ಇವುಗಳಿಂದಲೇ ಹೆಚ್ಚು ಮನೆಗಳು ಸಿಗುತ್ತವೆ. ಬ್ರೋಕರ್ ಹಿಡಿದರೆ ಕಮಿಷನ್ ಎಷ್ಟೆಂದು ಮೊದಲೇ ಮಾತಾಡಿ. ಆಷಾಢದಲ್ಲಿ ಮನೆ ಬದಲಿಸಲು ಬಹಳ ಜನ ಹಿಂಜರಿಯುವುದರಿಂದ ಆ ತಿಂಗಳು ಖಾಲಿ ಮನೆಗಳ ಮಾಲೀಕರು ಬಾಡಿಗೆಯ ಚೌಕಾಸಿಗೆ ಒಪ್ಪುತ್ತಾರೆ. ಶಾಸ್ತ್ರದ ಅಡ್ಡಿ ಇಲ್ಲದವರಿಗೆ ಇದು ಒಳ್ಳೆಯ ಕಾಲ. ಅಡ್ಡಿ ಇರುವವರೂ ಆಷಾಢದಲ್ಲಿ ಮಾತಾಡಿ ಮುಂಗಡ ಕೊಟ್ಟು, ಶ್ರಾವಣದಲ್ಲಿ ಹಾಲು ಉಕ್ಕಿಸಬಹುದು.

ಮಾಲೀಕರು ಮಹಡಿಯ ಮೇಲೋ ಕೆಳಗೋ ಅಲ್ಲೇ ವಾಸವಿರುವ ಮನೆಗಳು ಹೆಚ್ಚಾದ್ದರಿಂದ ಅವರ ಪ್ರಶ್ನೆಗಳೂ ಹೆಚ್ಚು. ಎಷ್ಟು ಜನ, ಯಾವ ಊರು, ಎಲ್ಲಿ ಕೆಲಸ ಎಂಬುದು ಸರಿಯೇ. ಮಾಂಸಾಹಾರ ಮಾಡುತ್ತೀರಾ, ಯಾವ ಜನ ಎಂಬ ಪ್ರಶ್ನೆಯೂ ಎಗ್ಗಿಲ್ಲದೆ ಬರುತ್ತದೆ. ಇದು ತುಮಕೂರಿಗೆ ಮಾತ್ರ ಅಂಟಿದ ದೋಷವಲ್ಲ, ಬೆಂಗಳೂರಿನಲ್ಲೂ ಇದೆ. ಆದರೆ ಇಲ್ಲಿ ಮುಚ್ಚುಮರೆ ಕಡಿಮೆ. ಸುಳ್ಳು ಹೇಳಿ ಒಳಹೊಕ್ಕು ದಿನವೂ ಕಿಟಕಿ ಮುಚ್ಚಿಕೊಂಡು ಅಡುಗೆ ಮಾಡುವುದಕ್ಕಿಂತ, ನಿಮ್ಮ ರೀತಿಗೆ ಒಗ್ಗುವ ಮನೆಯನ್ನು ಇನ್ನೆರಡು ವಾರ ಹೆಚ್ಚು ಹುಡುಕುವುದು ಒಳ್ಳೆಯದು.

ಬಾಡಿಗೆ ಕರಾರು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಈ ರೂಢಿ ಬಂದಿದೆ. ಮುಂಗಡ ಎಷ್ಟು, ವಾಪಸು ಯಾವಾಗ, ಬಣ್ಣ ಬಳಿಯುವುದಕ್ಕೆ ಎಷ್ಟು ಹಿಡಿದುಕೊಳ್ಳುತ್ತಾರೆ, ವರ್ಷಕ್ಕೆ ಶೇಕಡಾ ಎಷ್ಟು ಏರಿಕೆ, ಬಿಡುವ ಮೊದಲು ಎಷ್ಟು ತಿಂಗಳ ಸೂಚನೆ, ನೀರಿನ ಶುಲ್ಕ ಬಾಡಿಗೆಯಲ್ಲಿ ಸೇರಿದೆಯೇ ಎಂಬುದೆಲ್ಲ ಕಾಗದದ ಮೇಲೆ ಬರಲಿ. ಮುಂಗಡವನ್ನು ಬ್ಯಾಂಕಿನ ಮೂಲಕವೇ ಕೊಡಿ.

ಭೋಗ್ಯದ ಆಮಿಷ ಇಲ್ಲಿ ಆಗಾಗ ಎದುರಾಗುತ್ತದೆ. ಒಟ್ಟಿಗೆ ಕೆಲವು ಲಕ್ಷ ಕೊಟ್ಟರೆ ತಿಂಗಳ ಬಾಡಿಗೆಯಿಲ್ಲ, ಬಿಡುವಾಗ ಅಷ್ಟೂ ಹಣ ವಾಪಸು. ಕೇಳಲು ಹಿತವಾಗಿದ್ದರೂ ಅಪಾಯ ಪೂರ್ತಿ ನಿಮ್ಮದು. ಮಾಲೀಕರು ಆ ಮನೆಯ ಮೇಲೆ ಬ್ಯಾಂಕ್ ಸಾಲ ಮಾಡಿ ಕಂತು ಕಟ್ಟದಿದ್ದರೆ, ಸಾಲ ವಸೂಲಿಗಾಗಿ ಅಡಮಾನದ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕುಗಳಿಗೆ ಅಧಿಕಾರ ಕೊಡುವ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಮನೆಯನ್ನು ವಶಕ್ಕೆ ತೆಗೆದುಕೊಳ್ಳಲು ಬಂದಾಗ ಬರೀ ಸ್ಟಾಂಪ್ ಕಾಗದದ ಕರಾರು ನಿಮ್ಮನ್ನು ಉಳಿಸುವುದು ಕಷ್ಟ. ಭೋಗ್ಯಕ್ಕೆ ಹೋಗಲೇಬೇಕೆಂದಿದ್ದರೆ ಆಸ್ತಿಯ ಮೇಲಿನ ನೋಂದಾಯಿತ ಸಾಲ, ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ (ಇ.ಸಿ.) ತೆಗೆಸಿ ನೋಡಿ, ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿ ಮಾಡಿಸಿ. ನೋಂದಣಿಗೆ ಮಾಲೀಕರು ಒಪ್ಪದಿದ್ದರೆ ಅಲ್ಲಿಗೇ ಮಾತು ಮುಗಿಸಿ.

ಮಕ್ಕಳ ಶಾಲೆ

ಸ್ಥಳಾಂತರವನ್ನು ಏಪ್ರಿಲ್–ಮೇ ತಿಂಗಳಿಗೆ ಹೊಂದಿಸಿದರೆ ಮಕ್ಕಳಿಗೆ ತೊಂದರೆಯಿಲ್ಲ. ಒಳ್ಳೆಯ ಹೆಸರಿರುವ ಶಾಲೆಗಳಲ್ಲಿ ಪ್ರವೇಶ ಅದಕ್ಕೂ ಎಷ್ಟೋ ಮೊದಲೇ ಮುಗಿಯುವುದರಿಂದ ಮನೆಗಿಂತ ಮೊದಲು ಶಾಲೆ ಗೊತ್ತುಮಾಡಿಕೊಳ್ಳಬೇಕಾಗಬಹುದು. ಹಳೆಯ ಶಾಲೆಯಿಂದ ವರ್ಗಾವಣೆ ಪತ್ರದ ಜೊತೆಗೆ ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಗುರುತಿನ ಸಂಖ್ಯೆಯಾದ ಸ್ಯಾಟ್ಸ್ ಸಂಖ್ಯೆಯನ್ನೂ ಬರೆದುಕೊಳ್ಳಿ. ರಾಜ್ಯದೊಳಗೆ ಶಾಲೆ ಬದಲಿಸಿದಾಗ ಮಗುವಿನ ದಾಖಲೆ ಅದೇ ಸಂಖ್ಯೆಯಲ್ಲಿ ಮುಂದುವರಿಯುತ್ತದೆ. ಸಿಬಿಎಸ್‌ಇ ಶಾಲೆಗಳ ಆಯ್ಕೆ ಬೆಂಗಳೂರಿಗಿಂತ ಕಡಿಮೆ, ಪಿಯು ಮತ್ತು ಎಂಜಿನಿಯರಿಂಗ್ ಹಂತಕ್ಕೆ ಮಾತ್ರ ಈ ಊರಿಗೆ ಹಳೆಯ ಹೆಸರಿದೆ. 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯಕ್ಕೆ ಓದಲು ಹೊರಗಿನಿಂದಲೇ ಮಕ್ಕಳು ಬರುತ್ತಾರೆ.

ಸಾಮಾನು ಮತ್ತು ಕಾಗದಪತ್ರ

ಒಂದು ಮಲಗುವ ಕೋಣೆಯ ಮನೆಯ ಸಾಮಾನಿಗೆ ದೊಡ್ಡ ಟೆಂಪೊ, ಎರಡು ಕೋಣೆಯದಕ್ಕೆ ಕ್ಯಾಂಟರ್ ಸಾಕು. ಬೆಂಗಳೂರಿನೊಳಗೆ ಭಾರಿ ವಾಹನಗಳಿಗೆ ಹಗಲಿನಲ್ಲಿ ಸಮಯದ ನಿರ್ಬಂಧ ಇರುವುದರಿಂದ ನಸುಕಿನಲ್ಲಿ ತುಂಬಿಸಿ ಹೊರಡುವುದು ವಾಸಿ. ಇಳಿಸುವ ಕೂಲಿ ಒಪ್ಪಂದದಲ್ಲಿ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳದವರು ಹೊಸ ಮನೆಯ ಬಾಗಿಲಲ್ಲಿ ಜಗಳ ಕಾಯುತ್ತಾರೆ.

ಅಡುಗೆ ಅನಿಲದ ಸಂಪರ್ಕಕ್ಕೆ, ಬೇರೆ ಊರಿಗೆ ಹೋಗುವುದರಿಂದ, ಹಳೆಯ ವಿತರಕರಲ್ಲಿ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಿ, ಠೇವಣಿ ವಾಪಸು ಪಡೆದು, ವರ್ಗಾವಣೆಯ ವೋಚರ್ ತೆಗೆದುಕೊಂಡು ತುಮಕೂರಿನ ವಿತರಕರಿಗೆ ಕೊಡಬೇಕು. ಹೊಸ ಸಿಲಿಂಡರ್ ಬರುವವರೆಗೆ ಒಂದು ಇಂಡಕ್ಷನ್ ಒಲೆ ಜೊತೆಗಿರಲಿ. ವಿದ್ಯುತ್ ಎರಡೂ ಊರಿನಲ್ಲಿ ಬೆಸ್ಕಾಂನದೇ ಆದರೂ ಗೃಹಜ್ಯೋತಿ ಸವಲತ್ತು ತಾನಾಗಿ ಹಿಂದೆ ಬರುವುದಿಲ್ಲ: ಹಳೆಯ ಮನೆಯ ಆರ್‌ಆರ್ ಸಂಖ್ಯೆಯಿಂದ, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆಯಿಂದ, ನಿಮ್ಮ ಆಧಾರ್ ಬಿಡಿಸಿ, ಹೊಸ ಮನೆಯ ಸಂಖ್ಯೆಗೆ ಜೋಡಿಸಬೇಕು. ಹಿಂದಿನ ಬಾಡಿಗೆದಾರರು ತಮ್ಮದನ್ನು ಬಿಡಿಸಿದ್ದಾರೆಯೇ ಎಂದು ಕೀಲಿಕೈ ತೆಗೆದುಕೊಳ್ಳುವ ಮೊದಲೇ ಕೇಳಿ.

ಮೊದಲು ಆಧಾರ್ ವಿಳಾಸ ಬದಲಿಸಿ, ಉಳಿದವು ಅದನ್ನೇ ಆಧಾರವಾಗಿ ಕೇಳುತ್ತವೆ. ಪಡಿತರ ಚೀಟಿಯ ವಿಳಾಸ ಬದಲಾಗುವವರೆಗೂ ರಾಜ್ಯದ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡಿತರ ಪಡೆಯಬಹುದು. ಮತದಾರರ ಪಟ್ಟಿಗೆ ನಮೂನೆ 8 ತುಂಬಬೇಕು. ಹೊಸದಾಗಿ ನಮೂನೆ 6 ತುಂಬಿದರೆ ಎರಡು ಕಡೆ ಹೆಸರು ಉಳಿಯುವ ಗೊಂದಲವಾಗುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಕ್ಕೆ ತುಮಕೂರಿನ ಕೆಎ 06 ಸಂಖ್ಯೆ ಬೇಕಿಲ್ಲ, ನೋಂದಣಿ ಪತ್ರದಲ್ಲಿ ವಿಳಾಸ ಬದಲಿಸಿದರೆ ಸಾಕು, ಅದಕ್ಕೆ 30 ದಿನಗಳ ಗಡುವಿದೆ. ಆರೋಗ್ಯ ವಿಮೆ ಇರುವವರು ಕಂಪನಿಯ ಪಟ್ಟಿಯಲ್ಲಿ ತುಮಕೂರಿನ ಯಾವ ಆಸ್ಪತ್ರೆಗಳಿವೆ ಎಂದು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಡಿ. ಜಿಲ್ಲಾ ಆಸ್ಪತ್ರೆ ಮತ್ತು ವೈದ್ಯಕೀಯ ಕಾಲೇಜುಗಳಿದ್ದರೂ ಹೆಚ್ಚಿನ ಪರಿಣತಿ ಬೇಕಾದಾಗ ಬೆಂಗಳೂರಿಗೇ ಕಳುಹಿಸುವುದುಂಟು. ನಿರಂತರ ಚಿಕಿತ್ಸೆಯಲ್ಲಿರುವ ಹಿರಿಯರಿರುವ ಮನೆಯವರು ಇದನ್ನು ಬರುವ ಮೊದಲೇ ತೂಗಿ ನೋಡಬೇಕು.

ಮೊದಲ ಕೆಲವು ತಿಂಗಳು

ಹಗಲೆಲ್ಲ ಬೆಂಗಳೂರಿನಲ್ಲಿದ್ದು ರಾತ್ರಿ ಮಲಗಲು ಮಾತ್ರ ತುಮಕೂರಿಗೆ ಬರುವವರಿಗೆ ಊರು ಅಪರಿಚಿತವಾಗಿಯೇ ಉಳಿಯುತ್ತದೆ. ಓಡಾಡುವವರಿಗಿಂತ ಮನೆಯಲ್ಲೇ ಇರುವವರಿಗೆ ಈ ಒಂಟಿತನ ಹೆಚ್ಚು ಎಂಬುದನ್ನು ಮರೆಯಬಾರದು. ವಾರಾಂತ್ಯಗಳನ್ನೂ ಬೆಂಗಳೂರಿನ ಮಾಲ್‌ಗಳಲ್ಲಿ ಕಳೆಯುವ ಬದಲು ತರಕಾರಿಗೆ ಅಂತರಸನಹಳ್ಳಿ ಮಾರುಕಟ್ಟೆ, ಬಟ್ಟೆಬರೆಗೆ ಎಂ.ಜಿ. ರಸ್ತೆ, ಸಂಜೆಗೆ ಅಮಾನಿಕೆರೆ, ಭಾನುವಾರಕ್ಕೆ ದೇವರಾಯನದುರ್ಗ, ನಾಮದ ಚಿಲುಮೆ ಎಂದು ರೂಢಿಸಿಕೊಳ್ಳಿ. ಶಿವರಾತ್ರಿಯ ಹೊತ್ತಿನ ಸಿದ್ಧಗಂಗೆಯ ಜಾತ್ರೆಗೂ ದನಗಳ ಪರಿಷೆಗೂ ಹೋಗಿ ಬಂದರೆ ಸುತ್ತಲಿನ ಹಳ್ಳಿಗಳೊಂದಿಗೆ ಈ ಊರಿಗಿರುವ ನಂಟು ಕಣ್ಣಿಗೆ ಕಾಣುತ್ತದೆ. ರಾತ್ರಿ ಹತ್ತರ ಮೇಲೆ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ, ಬೇಸಿಗೆ ಬೆಂಗಳೂರಿಗಿಂತ ಬಿಸಿ, ನೆರೆಯವರು ಕರೆಯದೆ ಮನೆಗೆ ಬರುತ್ತಾರೆ. ಮೂರನೆಯದನ್ನು ಕಿರಿಕಿರಿ ಎಂದು ತಿಳಿದವರೇ ನೀರು ಬಿಟ್ಟ ಸುದ್ದಿ ತಡವಾಗಿ ತಿಳಿಯುವವರು ಕೂಡ.

ನಿವೇಶನ ಕೊಳ್ಳುವ ಮುನ್ನ

ಬಾಡಿಗೆಯಲ್ಲಿ ಒಂದು ಪೂರ್ತಿ ವರ್ಷ, ಅಂದರೆ ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯುವವರೆಗೆ ನಿವೇಶನದ ಮಾತೆತ್ತಬೇಡಿ. ಹೆದ್ದಾರಿಯಿಂದ ಐದೇ ನಿಮಿಷ ಎಂಬ ಜಾಹೀರಾತಿನ ಬಡಾವಣೆಗಳು ನೆಲಮಂಗಲದಿಂದ ತುಮಕೂರಿನವರೆಗೆ ದಾರಿಯುದ್ದಕ್ಕೂ ಇವೆ. ನೋಡಬೇಕಾದದ್ದು ಭೂಮಿ ಕೃಷಿಯೇತರವಾಗಿ ಪರಿವರ್ತನೆಯಾಗಿದೆಯೇ, ಬಡಾವಣೆಯ ನಕ್ಷೆಗೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಟೂಡಾ, ಅಥವಾ ಆ ಜಾಗಕ್ಕೆ ಸಂಬಂಧಿಸಿದ ಯೋಜನಾ ಪ್ರಾಧಿಕಾರ ಅನುಮೋದನೆ ಕೊಟ್ಟಿದೆಯೇ, ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಇದೆಯೇ ಎಂಬುದನ್ನು. ಗ್ರಾಮ ಪಂಚಾಯಿತಿ ವ್ಯಾಪ್ತಿಯದಾದರೆ ಪಂಚಾಯಿತಿಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿದರೆ ಅದು ಅನುಮೋದಿತ ಬಡಾವಣೆಯ ದಾಖಲೆಯಲ್ಲ, ಬ್ಯಾಂಕ್ ಸಾಲಕ್ಕೂ ಕಟ್ಟಡದ ಪರವಾನಗಿಗೂ ತೊಡಕು. ಪಾಲಿಕೆ ವ್ಯಾಪ್ತಿಯದಾದರೆ ಇ-ಖಾತೆ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಿಂದ ಹಲವು ವರ್ಷಗಳ ಋಣಭಾರ ಪತ್ರ ತೆಗೆದು, ಮಾರುವವರ ಮನೆಯಲ್ಲಿ ಪಾಲುದಾರರು ಎಷ್ಟು ಜನ ಎಂದು ವಂಶವೃಕ್ಷದೊಂದಿಗೆ ಹೊಂದಿಸಿ, ಮಾರುವವರು ಗೊತ್ತುಮಾಡಿದ ವಕೀಲರಲ್ಲದ ಬೇರೊಬ್ಬ ವಕೀಲರಿಗೆ ತೋರಿಸಿ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡಾ 1ರಿಂದ 2ಕ್ಕೆ ಏರಿದೆ. ಮುದ್ರಾಂಕ ಶುಲ್ಕದ ಜೊತೆ ಇದನ್ನೂ ಸೇರಿಸಿ ಹಣ ಹೊಂದಿಸಿಕೊಳ್ಳಿ. ಆ ಜಾಗದ ಸುತ್ತ ಈಗಾಗಲೇ ಜನ ಮನೆ ಕಟ್ಟಿ ವಾಸವಿದ್ದಾರೆಯೇ, ಅವರಿಗೆ ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಮುಂಗಡದ ಚೆಕ್ಕಿಗೆ ಸಹಿ ಹಾಕುವ ಮೊದಲು, ಏಪ್ರಿಲ್ ತಿಂಗಳಲ್ಲಿ, ಒಮ್ಮೆ ಹೋಗಿ ಕೇಳಿ ಬನ್ನಿ.